ಅಪ್ಪಣೆ ಕೇಳದೆ

ಗುವಾಮ್, ಜುಲೈ ೨೧. ಬಿಡುಗಡೆಯ ದಿನವಂತೆ.

ಜಪಾನೀಯರಿಂದ ನಮ್ಮನ್ನು ಬಿಡಿಸಿದ ಅಮೆರಿಕನ್ನರೇ ತಾತನ ಕಾಡಿಗೆ ಬೇಲಿ ಹಾಕಿಕೊಂಡರು. ಊರೆಲ್ಲ ಮೆರವಣಿಗೆ ನೋಡುವಾಗ ನಾವು ಗೇಟಿನ ಸಿಪಾಯಿಯನ್ನು ಬೇಡಿಕೊಂಡು ಮದ್ದಿನ ಸೊಪ್ಪಿಗೆ ಹೋದೆವು. ಕಾಡು ಹೊಗುವ ಮುನ್ನ ಅಲ್ಲಿರುವ ಸತ್ತ ಹಿರಿಯರ ಅಪ್ಪಣೆ ಕೇಳಬೇಕು. ಕೇಳದವರ ಕಾಲು ಊದಿಸಿಬಿಡುತ್ತಾರೆ. ಅಮ್ಮ ಇವತ್ತು ಕೇಳದೆಯೇ ನುಗ್ಗಿದಳು.

"ಅಮ್ಮಾ, ಅಪ್ಪಣೆ?"

"ಗೇಟಲ್ಲಿ ಕೇಳಿದ್ದಾಯ್ತಲ್ಲೇ ಟೊಮಾಸಾ. ಒಂದು ಕಾಡಿಗೆ ಎಷ್ಟು ಜನ ಯಜಮಾನ್ರು? ಈ ಹಿರಿಯರ ಮಾತು ನಡೆಯೋ ಹಾಗಿದ್ರೆ ಬೇಲಿ ಹಾಕಿದೋರ ಕಾಲು ಊದಬೇಕಿತ್ತು!"

ಆಗ ನಕ್ಕೆ. ಈಗ ರಾತ್ರಿ, ಮಲಗಿರುವ ಅಮ್ಮನ ಕಾಲ ಮೇಲಿನ ಹೊದಿಕೆ ಸರಿಸಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಒಂಚೂರಾದರೂ ಊದಿದ್ದರೆ ಹಿರಿಯರಿನ್ನೂ ಆ ಕಾಡಲ್ಲಿದ್ದಾರೆ ಅಂದುಕೊಳ್ಳುತ್ತಿದ್ದೆ.

ಊದಿಲ್ಲ. ಈಗಲೂ ಊದಿಲ್ಲ.