ಎರಡನೇ ಪ್ರತಿ

ಜನವರಿ 6, ಮಂಗಳವಾರ

ಗೇಟಿನಲ್ಲಿ ಎಂದಿನಂತೆ. ಪರ್ಸು, ಫೋನು, ಚಿಲ್ಲರೆ — ಎಲ್ಲ ಲಾಕರಿಗೆ. ಜೇಬಿಲ್ಲದ ಮೇಲಂಗಿ. ನೋಟು ಅಚ್ಚು ಹಾಕುವ ಕಡೆ ಸ್ವಂತ ದುಡ್ಡು ಒಳಗೆ ಒಯ್ಯುವ ಹಾಗಿಲ್ಲ. ಇಪ್ಪತ್ತೊಂಬತ್ತು ವರ್ಷವಾಯಿತು, ಇನ್ನೂ ನಗು ಬರುತ್ತದೆ. ದಿನವಿಡೀ ಲಕ್ಷಗಟ್ಟಲೆ ಕೈಯಲ್ಲಿ ಆಡಿಸುವುದು, ಸಂಜೆ ಚಿಲ್ಲರೆ ಇಲ್ಲವೆಂದು ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬೈಸಿಕೊಳ್ಳುವುದು.

ಇವತ್ತು ಹೊಸ ನೋಟಿನ ಹಾಳೆ ಬಂತು. ಹಳೆಯದೇ ಚಿತ್ರ, ಹಳೆಯದೇ ಬಣ್ಣ, ಒಂದು ಸೊನ್ನೆ ಜಾಸ್ತಿ. ಇದೇನು ಸಾರ್ ಎಂದು ಮೇಲ್ವಿಚಾರಕರನ್ನು ಕೇಳಿದೆ.

"ಸರ್ಕಾರಕ್ಕೆ ಕೊರತೆ ಅಮ್ಮಾ. ಬರೋದು ಕಮ್ಮಿ, ಖರ್ಚು ಜಾಸ್ತಿ. ಮಧ್ಯದಲ್ಲಿರೋ ಹಳ್ಳಾನ ನಾವು ಕಾಗದ ಹಾಕಿ ತುಂಬಬೇಕು."

ಕಾಗದ ಹಾಕಿದರೆ ಹಳ್ಳ ತುಂಬುತ್ತದೆಯೇ... ಕೇಳಲಿಲ್ಲ. ಸಂಬಳ ಕೊಡುವವರ ಹತ್ತಿರ ಕೇಳುವ ಪ್ರಶ್ನೆಯಲ್ಲ ಅದು.

ನಲವತ್ತೊಂದು ಹಾಳೆಯಲ್ಲಿ ತಪ್ಪು ಸಿಕ್ಕಿತು. ಮಸಿ ಹರಡಿದ್ದು, ಅಂಚು ಜರುಗಿದ್ದು. ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ ಚೂರು ಕೋಣೆಗೆ ಕಳಿಸಿದೆ. ಅಲ್ಲಿ ಮಷೀನಿನ ಮುಂದೆ ನಮ್ಮ ಯಜಮಾನರು. ನಾನು ತಪ್ಪು ಹುಡುಕುವುದು, ಅವರು ಚೂರು ಮಾಡುವುದು. ಮದುವೆಗೆ ಮುಂಚೆಯೂ ಇದೇ, ಆಮೇಲೂ ಇದೇ.

ಜನವರಿ 14

ಮೆಟ್ಟಿಲು ಹತ್ತುವಾಗ ಯಜಮಾನರು ನಿಂತು ನಿಂತು ಬರುತ್ತಿದ್ದರು. ಕಾಲು ನೋವು ಎನ್ನುತ್ತಿದ್ದರು. ಸುಳ್ಳು. ಇವತ್ತು ದೊಡ್ಡಾಸ್ಪತ್ರೆಯ ಡಾಕ್ಟರ್ ಹೇಳಿದರು — ಹೃದಯದ ವಾಲ್ವು ಹಾಳಾಗಿದೆ, ಬದಲಾಯಿಸಬೇಕು. ಸರದಿ ಜುಲೈ 18ಕ್ಕೆ. ಹಿಂದಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಪೂರ್ತಿ ಹಣ ಕಟ್ಟಬೇಕು. ಕಟ್ಟದಿದ್ದರೆ ಸರದಿ ಮುಂದಿನವರಿಗೆ. ಮತ್ತೆ ಬರುವುದು ಮುಂದಿನ ವರ್ಷ.

ಮುಂದಿನ ವರ್ಷಕ್ಕೆ ಪರವಾಗಿಲ್ಲವಾ ಡಾಕ್ಟ್ರೇ? ಅವರು ಪೆನ್ನಿನ ಮುಚ್ಚಳ ಹಾಕಿದರು.

ಇಬ್ಬರ ಉಳಿತಾಯ ಸೇರಿಸಿದರೆ ಇವತ್ತಿನ ರೇಟಿಗೆ ಸಾಕು. ಎಸ್ಟಿಮೇಟಿನ ಕೆಳಗೆ ಒಂದು ಮೊಹರು: ಈ ಬೆಲೆ ಹದಿನೈದು ದಿನಕ್ಕೆ ಮಾತ್ರ.

ಜನವರಿ 29

ಹದಿನೈದು ದಿನ ಮುಗಿಯಿತು. ಹೊಸ ಎಸ್ಟಿಮೇಟ್ ತಂದೆ. ಓದಿ, ಕನ್ನಡಕ ಒರೆಸಿ, ಮತ್ತೆ ಓದಿದೆ. ಕೌಂಟರಿನ ಹುಡುಗಿಯೇ ತಲೆ ತಗ್ಗಿಸಿಕೊಂಡಳು. ಅರ್ಧದಷ್ಟು ಏರಿಬಿಟ್ಟಿದೆ!

ಹಾಲಿನವಳು ಬೆಲೆಯನ್ನು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ. ಬೆಳಿಗ್ಗೆ ಒಂದು, ಸಂಜೆ ಒಂದು. "ನನ್ನ ಬೈಬೇಡಿ ಅಕ್ಕಾ, ಅಚ್ಚು ಹಾಕೋರ್ನ ಬೈರಿ" ಎಂದಳು. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವಳಿಗೆ ಗೊತ್ತಿಲ್ಲ. ಹೇಳಲಿಲ್ಲ.

ಫೆಬ್ರವರಿ 8, ಭಾನುವಾರ

ನಾದಿನಿ ಬಂದಿದ್ದಳು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಕೈಯಲ್ಲಿ ಸದಾ ಸಣ್ಣ ಸ್ಕ್ರೂಡ್ರೈವರ್, ಬಾಯಲ್ಲಿ ಸದಾ ಬುದ್ಧಿಮಾತು. ಅಣ್ಣನೆಂದರೆ ಜೀವ. ಇಬ್ಬರೂ ಒಂದು ಗಂಟೆ ಪಿಸುಗುಟ್ಟಿದ ಮೇಲೆ ನನ್ನನ್ನು ಕರೆದರು.

"ಅತ್ತಿಗೆ, ಉಳಿತಾಯಾನೆಲ್ಲ ಕ್ರಿಪ್ಟೊಗೆ ಹಾಕ್ಬಿಡಿ. ಬ್ಯಾಂಕಲ್ಲಿಟ್ರೆ ಜುಲೈ ಹೊತ್ಗೆ ಅದ್ರಲ್ಲಿ ಒಂದು ಥರ್ಮಾಮೀಟರ್ ಬರತ್ತೆ ಅಷ್ಟೇ."

"ಕಣ್ಣಿಗೆ ಕಾಣದ ದುಡ್ಡು ಕಣೇ ಅದು. ಅದರಲ್ಲಿ ನಾನು ಏನು ಅಂತ ಪರೀಕ್ಷೆ ಮಾಡ್ಲಿ?"

"ಪರೀಕ್ಷೆ ಮಾಡ್ಬೇಕಾಗಿಲ್ಲ. ಒಟ್ಟು ಇಷ್ಟೇ ಇರ್ಬೇಕು ಅಂತ ಲೆಕ್ಕ ಮೊದಲೇ ಕಟ್ಟಿದಾರೆ. ಯಾವ ಮಂತ್ರಿ ಬಂದ್ರೂ ಅದಕ್ಕೊಂದು ಸೊನ್ನೆ ಸೇರಿಸೋಕಾಗಲ್ಲ."

ಇವರು ನಕ್ಕರು. "ಕೋಣ ಈದಿದೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು. ಅದೂ ಬೀಳತ್ತಂತಲ್ಲೇ?"

"ಬೀಳತ್ತೆ ಅಣ್ಣ, ಇಲ್ಲ ಅನ್ನಲ್ಲ. ಅದಕ್ಕೆ ಏರೋದೂ ಇದೆ, ಇಳಿಯೋದೂ ಇದೆ. ನಿಮ್ಮ ನೋಟಿಗೆ ಇಳಿಯೋದು ಮಾತ್ರ."

ನನ್ನ ನೋಟನ್ನು ನನ್ನ ಮನೆಯಲ್ಲೇ ಆಡಿಕೊಂಡರು. ಸಿಟ್ಟು ಬಂತು. ಆದರೆ ನಿಜವನ್ನೇ ಹೇಳಿದಳು.

ಫೆಬ್ರವರಿ 15, ಭಾನುವಾರ

ಹಾಕಿಬಿಟ್ಟೆವು. ಪೂರ್ತಿ. ಎರಡು ಜೀವದ ದುಡಿಮೆ ಅವರ ಫೋನಿನ ಒಂದು ಚೌಕದೊಳಗೆ ಕೂತಿದೆ.

ಫೋನು ಹನ್ನೆರಡು ಇಂಗ್ಲಿಷ್ ಪದ ತೋರಿಸಿತು. ನಾದಿನಿ ಎರಡು ಚೀಟಿಯ ಮೇಲೆ ಬರೆದಳು. ಮೊದಲು ಬರೆದದ್ದು ಅಣ್ಣನಿಗೆ, ಎರಡನೆಯದು ನನಗೆ.

"ಇದೇ ಬೀಗದಕೈ. ಫೋನು ಹೋದ್ರೂ ಈ ಪದ ಇದ್ರೆ ದುಡ್ಡು ಇರತ್ತೆ. ಪದ ಹೋದ್ರೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಯಾರ ಕಾಲಿಗೆ ಬಿದ್ರೂ ಸಿಗಲ್ಲ. ಬೇರೆಯವ್ರು ನೋಡಿದ್ರೆ ಅವರದ್ದಾಗತ್ತೆ. ಜೋಪಾನ!"

ನಮಗೆ ಜೋಪಾನದ ಪಾಠ ಹೇಳುತ್ತಾಳೆ! ಮೂವತ್ತು ವರ್ಷದಿಂದ ನಾವು ತಿನ್ನುತ್ತಿರುವುದೇ ಆ ಅನ್ನ.

ಫೆಬ್ರವರಿ 17

ಚೀಟಿಯನ್ನು ಹಿಟ್ಟಿನ ಡಬ್ಬದಲ್ಲಿಟ್ಟೆ. ತೆಗೆದೆ. ಬೀರುವಿನಲ್ಲಿಟ್ಟೆ. ತೆಗೆದೆ. ಎರಡು ದಿನ ನಿದ್ದೆಯಿಲ್ಲ. ಕೊನೆಗೆ ನಮ್ಮ ಪ್ರೆಸ್ಸಿನ ರೂಲೇ ಸರಿ ಅನ್ನಿಸಿತು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವುದು ಅದನ್ನೇ: ಗುಟ್ಟಿನ ಸಂಖ್ಯೆಗೆ ಒಂದೇ ಕಾಗದ. ಎರಡನೇ ಪ್ರತಿ ಎಂದರೆ ಕಳ್ಳನಿಗೆ ತೆರೆದ ಬಾಗಿಲು. ಚೂರು ಮಾಡು, ಮಾಡಿದ್ದನ್ನು ಯಾರಿಗೂ ಹೇಳಬೇಡ — ಗಂಡನಾಗಲಿ, ಹೆಂಡತಿಯಾಗಲಿ.

ಕತ್ತರಿಯಲ್ಲಿ ಎಳ್ಳಿನಷ್ಟು ಸಣ್ಣಗೆ ಕತ್ತರಿಸಿ ಮೂರು ಬೇರೆ ಬೇರೆ ಕಸದ ಬುಟ್ಟಿಗೆ ಹಾಕಿದೆ. ಮೊದಲ ಪ್ರತಿ ಅವರ ಹತ್ತಿರ ಭದ್ರವಾಗಿದೆ. ಮನಸ್ಸು ನಿರಾಳವಾಯಿತು.

ಏಪ್ರಿಲ್ 2

ಮಾರ್ಚಿನಲ್ಲಿ ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ. ಕ್ರಿಪ್ಟೊ ಮೂರರಲ್ಲಿ ಒಂದು ಪಾಲು ಬಿದ್ದುಹೋಗಿತ್ತು. ನಾದಿನಿಯ ಜೊತೆ ಮಾತು ಬಿಟ್ಟಿದ್ದೆ. ಈಗ ಮೇಲೆ ಬಂದಿದೆ, ನಾನೂ ಮಾತಿಗೆ ಬಂದಿದ್ದೇನೆ. "ಅತ್ತಿಗೆ ಮಾತು ಮಾರ್ಕೆಟ್ ಥರ" ಎಂದಳು. ಕಿಡಿಗೇಡಿ.

ಪ್ರೆಸ್ಸಿನಲ್ಲಿ ಮೂರು ಪಾಳಿ. ಇನ್ನೂ ಎರಡು ಸೊನ್ನೆ ಸೇರಿದೆ.

ಮೇ 20

ಇವತ್ತು ಕೆಂಪು ಪೆನ್ಸಿಲ್ ಹಿಂದಕ್ಕೆ ತೆಗೆದುಕೊಂಡರು.

ಹಾಳೆ ಬಂತು, ನೋಡಿದೆ, ಹಿಂಭಾಗ ಖಾಲಿ. ಬರೀ ಬಿಳಿ. ಅರವತ್ತು ಹಾಳೆ ತಿರುವಿ ಹಾಕಿದೆ, ಎಲ್ಲವೂ ಹಾಗೇ. ಕೂಗಿಕೊಂಡು ಓಡಿದೆ — ಸಾರ್, ಮಷೀನು ನಿಲ್ಲಿಸಿ, ಒಂದು ಕಡೆ ಅಚ್ಚಾಗಿಲ್ಲ!

"ನಿಲ್ಲಿಸ್ಬೇಡಿ. ಇನ್ನು ಹಾಗೇ. ಎರಡೂ ಕಡೆಗೆ ಆಗೋಷ್ಟು ಮಸಿ ಇಲ್ಲ. ಪರೀಕ್ಷೆನೂ ಬೇಡ ಅಮ್ಮಾ, ಬರೀ ಎಣಿಸಿ ಕಳಿಸಿ."

ಇಪ್ಪತ್ತೊಂಬತ್ತು ವರ್ಷದಲ್ಲಿ ಕೂದಲೆಳೆಯಷ್ಟು ಗೆರೆ ಜರುಗಿದರೆ ಬಿಡದವಳು ನಾನು. ಇವತ್ತು ಅರ್ಧ ನೋಟೇ ಇಲ್ಲ, ಕಳಿಸು ಎನ್ನುತ್ತಾರೆ.

ಚೂರು ಕೋಣೆ ಮುಚ್ಚಿದರು. ಹಾಳು ಹಾಳೆಯೇ ಇಲ್ಲವೆಂದ ಮೇಲೆ ಅಲ್ಲಿಯವರಿಗೆ ಕೆಲಸವೇನು? ಇವರನ್ನು ಮನೆಗೆ ಕಳಿಸಿದ್ದಾರೆ.

ಜೂನ್ 11

ಔಷಧಿ ಅಂಗಡಿಯವನು ಮಾತ್ರೆ ಯಾವಾಗ ನುಂಗಬೇಕೆಂದು ಬರೆದುಕೊಡಲು ಕಾಗದ ಹುಡುಕಿದ. ಸಿಗಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಒಂದು ನೋಟು ತೆಗೆದು ಅದರ ಖಾಲಿ ಬೆನ್ನಿನ ಮೇಲೆ ಬರೆದುಕೊಟ್ಟ. "ಕಾಗದದ ಹಾಳೆಗಿಂತ ಇದೇ ಅಗ್ಗ" ಎಂದ. ಆ ಕಟ್ಟು ನಾನು ಎಣಿಸಿದ್ದೇ ಇರಬೇಕು.

ಜೂನ್ 30

ಹೊಸ ಎಸ್ಟಿಮೇಟಿನ ಅಂಕಿಯನ್ನು ಓದಲು ಬರುವುದಿಲ್ಲ, ಬರೀ ಸೊನ್ನೆ. ಆದರೆ ನಾದಿನಿ ಲೆಕ್ಕ ಹಾಕಿದಳು: ಇವತ್ತು ಮಾರಿದರೂ ಆಪರೇಷನ್ನಿಗೆ ಸಾಕು, ಮೇಲೆ ಸ್ವಲ್ಪ ಉಳಿಯುತ್ತದೆ. ಬ್ಯಾಂಕಿನಲ್ಲಿ ಬಿಟ್ಟಿದ್ದರೆ? ಎದುರು ಮನೆಯ ಟೀಚರಮ್ಮ ನಿವೃತ್ತಿಯ ಹಣ ಪೂರ್ತಿ ತೆಗೆದು ಎರಡು ಟ್ರೇ ಮೊಟ್ಟೆ ತಂದರು.

ಮಾರುವುದನ್ನು ಕೊನೆಯ ದಿನಕ್ಕಿಟ್ಟುಕೊಂಡಿದ್ದೇವೆ. ನೋಟು ಕೈಗೆ ಬಂದ ಗಂಟೆಯಿಂದಲೇ ಕರಗುತ್ತದಲ್ಲ, ಅದಕ್ಕೆ. ನಾದಿನಿಗೆ ಸೆರಗಿನ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಥ್ಯಾಂಕ್ಸ್ ಹೇಳಿದೆ. ಹೇಳುವಾಗ ನಾಚಿಕೆಯಾಯಿತು.

ಜುಲೈ 9, ಮಧ್ಯಾಹ್ನ 3

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೂರು ದಿನದಿಂದ ಅವರ ಫೋನು ಏಳುತ್ತಿರಲಿಲ್ಲ. ಕಂಪನಿಯ ಗುರುತು ತೋರಿಸಿ ಅಲ್ಲೇ ನಿಲ್ಲುತ್ತಿತ್ತು. ನಾದಿನಿ ಬಂದು ಊಟದ ಮೇಜಿನ ಮೇಲೆ ಬಿಚ್ಚಿ ನೋಡಿದಳು.

"ಪೂರ್ತಿ ಅಳಿಸಿದ್ರೆ ಏಳತ್ತೆ ಅಣ್ಣ. ಹನ್ನೆರಡು ಪದ ಇದೆ ತಾನೆ?"

"ಇದೆ" ಎಂದರು.

"ಅತ್ತಿಗೆ?"

"ಇದೆ ಕಣೇ" ಎಂದೆ.

ಅಳಿಸಿದಳು. ಫೋನು ಎದ್ದಿತು. ಏನೇನೋ ಒತ್ತಿ, ಕಣ್ಣು ಎತ್ತದೆ, "ಹ್ಞಾಂ, ಓದಿ" ಎಂದಳು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ತಗೊಂಡ್ ಬಾರೇ" ಎಂದರು.

"ನೀವು ತನ್ನಿ. ಮೊದಲನೇ ಪ್ರತಿ ನಿಮ್ಮದಲ್ವಾ?"

"ನನ್ನ ಹತ್ರ ಯಾಕಿರತ್ತೆ? ಉಳಿಸ್ಕೊಳ್ಳೋ ಕಾಗದ ಯಾವತ್ತೂ ಪರೀಕ್ಷಕರ ಹತ್ರ. ಚೂರು ಕೋಣೆಯೋನ ಹತ್ರ ಒಂದು ಚೀಟಿನೂ ಉಳೀಬಾರ್ದು. ನಿಂಗೊತ್ತಿಲ್ವಾ?"

"ಏನ್ ಮಾಡಿದ್ರಿ ಅದನ್ನ?"

"ಅವತ್ತೇ ಒಲೇಲಿ ಸುಟ್ಟು ಬೂದೀನ ನೀರಿಗೆ ಬಿಟ್ಟೆ. ನಿನ್ನದೆಲ್ಲಿ?"

ಎರಡು ಬೆರಳನ್ನು ಕತ್ತರಿಯ ಹಾಗೆ ಮಾಡಿ ತೋರಿಸಿದೆ.

ನಾದಿನಿ ನಕ್ಕಳು. "ಇಬ್ರೂ ಸೇರಿ ನನ್ನ ಆಟ ಆಡಿಸ್ತಿದೀರಾ" ಎಂದಳು. ಆಮೇಲೆ ನಗು ನಿಂತಿತು. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟಳು. "ಅಯ್ಯೋ... ನಾನೇ ಅಳಿಸ್ಬಿಟ್ನಲ್ಲ ಅಣ್ಣ... ನಾನೇ..."

ನಮ್ಮಿಬ್ಬರಷ್ಟು ನಿಯತ್ತಿನ ದಡ್ಡರು ಇನ್ನೆಲ್ಲಾದರೂ ಇದ್ದಾರೆಯೇ?

ಜುಲೈ 10

ಬೈದಾಡಲಿಲ್ಲ. ಆಶ್ಚರ್ಯ. ಬೈಯಲೂ ಉಸಿರು ಬೇಕು, ಅವರಿಗಿಲ್ಲ.

ನಾದಿನಿ ಬೆಳಿಗ್ಗೆಯೇ ಬಂದಳು, ಕಣ್ಣು ಊದಿತ್ತು. ಪದಗಳೆಲ್ಲ ಎರಡು ಸಾವಿರದ ಚಿಲ್ಲರೆ ಪದಗಳ ಒಂದು ಪಟ್ಟಿಯಿಂದ ಬರುತ್ತವಂತೆ. "ಹನ್ನೊಂದು ಪದ, ಅವುಗಳ ಜಾಗ ಸಮೇತ ನೆನಪು ಮಾಡ್ಕೊಳ್ಳಿ. ಒಂದು ಕಮ್ಮಿ ಇದ್ರೆ ನಾನು ಒಂದೊಂದಾಗಿ ಹಾಕಿ ನೋಡಿ ತೆಗೀತೀನಿ. ಎರಡಾದ್ರೆ ನನ್ನ ಕೈಲಾಗಲ್ಲ."

ಕಣ್ಣು ಮುಚ್ಚಿದೆ. ಚೀಟಿಯನ್ನು ನೋಟಿನ ಹಾಳೆ ನೋಡುವ ಹಾಗೆ ನೋಡಿದೆ. ಮೇಲಿನ ಎಡಮೂಲೆ. ಒಂದು — ಲ್ಯಾಡರ್. ಎರಡು — ಕಾಪರ್, ಪಕ್ಕದಲ್ಲಿ ಪೆನ್ನು ಜಾರಿದ ಗೀಟು. ಮೂರು — ಪಿಜನ್. ನಾದಿನಿಯ ಅಕ್ಷರ, ಬಾಲ ಉದ್ದ. ಸಂಜೆಯೊಳಗೆ ಏಳು ಪದ ಬಂದವು! ಕೆಂಪು ಪೆನ್ಸಿಲ್ ಕಿತ್ತುಕೊಂಡರೇನು, ಕಣ್ಣು ಕಿತ್ತುಕೊಂಡಿಲ್ಲವಲ್ಲ.

ಬರೆಯಲು ಇವರು ಒಂದು ನೋಟು ತಂದುಕೊಟ್ಟರು. ಖಾಲಿ ಬೆನ್ನು. "ಬರಿ. ಈ ನೋಟಿಗೆ ಇವತ್ತಾದ್ರೂ ಬೆಲೆ ಬರ್ಲಿ" ಎಂದರು.

ಜುಲೈ 14

ಒಂಬತ್ತರಲ್ಲಿ ನಿಂತಿತ್ತು. ಬೆಳಿಗ್ಗೆ ಟೀ ಕುಡಿಯುತ್ತಾ ಇವರು ಒಮ್ಮೆಲೇ ನಕ್ಕರು.

"ನಾಲ್ಕನೇದು ಹಸ್ಬೆಂಡ್ ಕಣೇ! ಚೀಟೀಲಿ ನೋಡಿ ನಕ್ಕಿದ್ದೆ. ಎಲ್ಲ ನೆನಪಿದೆ ನಿಂಗೆ, ಏಣಿ, ತಾಮ್ರ, ಪಾರಿವಾಳ... ಗಂಡನ್ನೇ ಮರ್ತಿದೀಯ."

ನಕ್ಕೆವು. ನಗುತ್ತಾ ನಗುತ್ತಾ ಅವರಿಗೆ ಉಸಿರು ಕಟ್ಟಿತು. ಬೆನ್ನು ನೀವುತ್ತಾ ಕೂತೆ. ತುಟಿ ನೀಲಿ. ನನಗೆ ಭಯ, ಬರೀ ಭಯ.

ಹತ್ತು ಆಯಿತು. ಬೇಕಾದ್ದು ಎರಡು, ಐದನೆಯದು ಮತ್ತು ಹನ್ನೊಂದನೆಯದು. ಒಂದು ಸಿಕ್ಕರೂ ಸಾಕು.

ಜುಲೈ 16

ಪಟ್ಟಿಯನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಓದುತ್ತಾ ಹೋದರೆ ಎಲ್ಲ ಪದವೂ ಅದೇ ಅನ್ನಿಸುತ್ತದೆ. ಎರಡು ಸಲ ಮುಗಿಸಿದೆ. ಆಸ್ಪತ್ರೆಗೆ ಹೋಗಿ ಇನ್ನೊಂದು ವಾರ ಗಡುವು ಕೇಳಿದೆ. ಆಗುವುದಿಲ್ಲ. ನನ್ನ ಚೀಟಿಯಲ್ಲಿ ಐದನೆಯ ಪದದ ಮೇಲೆ ಒಂದು ತೊಟ್ಟು ನೀರು ಬಿದ್ದು ಮಸಿ ಹರಡಿತ್ತು, ಅದು ನೆನಪಿದೆ. ತಪ್ಪು ನೆನಪಿದೆ, ಪದ ನೆನಪಿಲ್ಲ. ಇದೂ ಒಂದು ಕಣ್ಣೇ?

ಜುಲೈ 17, ಬೆಳಿಗ್ಗೆ 9.20

ಹನ್ನೆರಡರವರೆಗೆ ಸಮಯ. ನಾದಿನಿ ಕಂಪ್ಯೂಟರ್ ತೆರೆದು ಅಂಗಡಿಯಲ್ಲೇ ಕೂತಿದ್ದಾಳೆ, ಇವರ ಓದು ನಿಲ್ಲಬಾರದೆಂದು ಐದೈದು ನಿಮಿಷಕ್ಕೆ ಎದುರು ಮನೆಯ ಟೀಚರಮ್ಮನಿಗೆ ಫೋನ್ ಮಾಡಿ ಸಿಕ್ಕಿತಾ ಎಂದು ಕೇಳುತ್ತಾಳೆ. ಇವರು ಒಳಗೆ ದಿಂಬಿಗೊರಗಿ ನನ್ನ ಫೋನಿನಲ್ಲಿ ಮೂರನೆಯ ಸಲ ಪಟ್ಟಿ ಓದುತ್ತಿದ್ದಾರೆ. ನಾನು ಓದುತ್ತೇನೆ ಎಂದರೆ ಬೇಡವಂತೆ. "ನೀನು ಬರ್ಕೊಳ್ಳೋಕೆ ರೆಡಿಯಾಗಿರು ಸಾಕು." ಮೇಜಿನ ಮೇಲೆ ಆ ನೋಟು, ಹತ್ತು ಪದ, ಎರಡು ಖಾಲಿ ಜಾಗ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ, ಅದಕ್ಕೆ ಇಲ್ಲಿ ಗೀಚುತ್ತಿದ್ದೇನೆ.

ಒಂದೊಂದೇ ಪದ ಕೇಳಿಸುತ್ತಿದೆ. ನಡುವೆ ಉಸಿರು. ಮತ್ತೊಂದು ಪದ. ಪದಕ್ಕಿಂತ ಉಸಿರೇ ಜಾಸ್ತಿ. ಇದು ಸಿಕ್ಕಿದರೆ ಎರಡು ಪ್ರತಿ ಮಾಡುತ್ತೇನೆ. ಹತ್ತು ಮಾಡುತ್ತೇನೆ. ಗೋಡೆಯ ಮೇಲೆ ಬರೆಯುತ್ತೇನೆ.

ಓದುವುದು ನಿಂತಿತು.

"ಏ! ಸಿಕ್ತು ಕಣೇ! ಐದನೇದು! ಅದೇ, ನೀರು ಬಿದ್ದಿತ್ತು ಅಂದ್ಯಲ್ಲ, ಅದೇ! ಬರ್ಕೋ!"

ಹೇಳಿ ಎಂದೆ.

ಏನೋ ಬಿದ್ದ ಸದ್ದು. ಫೋನಿರಬೇಕು.

ಹೇಳಿ ರೀ, ಪೆನ್ನು ಕೈಯಲ್ಲೇ ಇದೆ. ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಐದು —