ಅಪ್ಪನ ಸೂಟಿನ ಅಳತೆ

ಫೆ. 17, ಮಂಗಳ

ಅಂತೂ ಅಪ್ಪನ ಅಳತೆ ತೆಗೆದೆ! ಬೆಳಗ್ಗಿನಿಂದ ಟೇಪು ಕಂಡರೆ ಓಡುತ್ತಿದ್ದರು. ಸೊಂಟ ಮೂವತ್ತೆಂಟು. ಸೂಟು ನಾನೇ ಹೊಲಿಯುವುದು, ನನ್ನ ಗೌನೂ ನಾನೇ. ಮದುಮಗಳೇ ಟೈಲರ್ ಆದರೆ ಹೀಗೇ.

“ಊಟದ ಹಾಲ್‌ಗೆ ಹಾಕ್ಕೊಂಡು ಬರ್ತೀನಿ. ಚರ್ಚ್ ಒಳಗೆ ಮಾತ್ರ ಕರೀಬೇಡ” ಎಂದರು.

ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಚರ್ಚಿನ ಬಾಗಿಲು ದಾಟಿದವರು, ಮತ್ತೆ ಒಳಗೆ ಕಾಲಿಟ್ಟಿಲ್ಲ. ಮದುವೆ ದಿನ ತೋಳು ಕೊಟ್ಟು ನನ್ನನ್ನು ಆಲ್ಟರ್‌ವರೆಗೆ, ಫಾದರ್ ನಿಲ್ಲುವ ಪೀಠದವರೆಗೆ, ಕರೆದೊಯ್ಯಲು ಚಿಕ್ಕಪ್ಪ ಇದ್ದಾರಂತೆ. ಬೇಡ. ನನಗೆ ಅಪ್ಪನೇ ಬೇಕು. ಈಸ್ಟರ್ ಆದ ವಾರವೇ ಮದುವೆ. ನಾಳೆಯಿಂದ ತಪಸ್ಸುಕಾಲ, ಈಸ್ಟರ್‌ವರೆಗಿನ ನಲವತ್ತು ದಿನದ ವ್ರತ. ಮಧ್ಯಾಹ್ನದ ಊಟ ಬಿಡುತ್ತೇನೆ — ಅಪ್ಪ ಒಳಗೆ ಬರಲಿ ಅಂತ.

ಫೆ. 18, ಬೂದಿ ಬುಧವಾರ

ಹಣೆಗೆ ಬೂದಿ. ಅಪ್ಪ ಎಂದಿನಂತೆ ಗೇಟಿನ ಹೊರಗೆ, ಸ್ಕೂಟರ್ ಮೇಲೆ. ಫಾದರ್ ಹೇಳಿದ್ದು ಮೈಕಿನಲ್ಲಿ ಬೀದಿಗೆಲ್ಲ ಕೇಳುತ್ತಿತ್ತು. ಉಪವಾಸ ಅಂತ ಮುಖ ಬಾಡಿಸಿಕೊಂಡು ತಿರುಗಬೇಡಿ. ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಇರಿ. ಸರಿ ಎಂದುಕೊಂಡೆ. ಹೊಲಿಗೆ ಅಂಗಡಿಗೆ ಹೋದವಳೇ ಎಲ್ಲರಿಗೂ ಸಾರಿದೆ!

“ನಿನಗಿಂತ ಮೊದ್ಲು ನಿನ್ನ ಉಪವಾಸವೇ ಒಳಗೆ ಬಂತಲ್ಲೇ” ಎಂದರು ಅಂಗಡಿಯ ಅಕ್ಕ.

ಮಾ. 7, ಶನಿ

ಹಸಿವು. ತಲೆ ಗಿರ್ರ್... ಗುಂಡಿ ಎರಡು ಸಲ ತಪ್ಪು ಹಾಕಿದೆ.

ಅಪ್ಪನದೋ ಭಾರಿ ಜೋರು. ದಿನಾ ತಲೆಗೆ ಎಣ್ಣೆ, ನೀಟಾಗಿ ಕ್ರಾಪು, ಬಾಯಲ್ಲಿ ಶಿಳ್ಳೆ. ಲೇತ್ ಮಿಷನ್ ಮುಂದೆ ನಿಲ್ಲುವವರಿಗೆ ಇಷ್ಟು ಶೋಕಿ ಯಾಕೆ?

“ಮಾವ ಆಗೋನು ಅಂದ್ರೆ ಸುಮ್ನೇನಾ!” ಎಂದರು.

ನಾನು ಕಟ್ಟಿಕೊಡುವ ಊಟದ ಡಬ್ಬಿ ಚೊಕ್ಕವಾಗಿ ಖಾಲಿಯಾಗಿ ಬರುತ್ತದೆ. ನಾನು ಇವರಿಗಾಗಿ ಒಣಗುತ್ತಿದ್ದೇನೆ, ಇವರು ತಿಂದು ಶಿಳ್ಳೆ ಹೊಡೆಯುತ್ತಿದ್ದಾರೆ. ಎಷ್ಟು ಸಿಟ್ಟು ಬಂತೆಂದರೆ, ಸಾರಿಗೆ ಉಪ್ಪು ಹಾಕಲೇ ಇಲ್ಲ. ಬೇಕೆಂದೇ.

ಮಾ. 26, ಗುರು

ಟ್ರಯಲ್. ಕೋಟು ಸರಿ, ತೋಳು ಸರಿ... ಕೈ ಎತ್ತಿ ಅಂದೆ, ಎತ್ತಿದರು — ಪ್ಯಾಂಟು ಸೀದಾ ಮೊಣಕಾಲಿಗೆ! ಇಬ್ಬರೂ ಬಿದ್ದು ಬಿದ್ದು ನಕ್ಕೆವು.

“ಏನೇ, ಒಳ್ಳೇ ಟೈಲರ್ ನೀನು!”

ಆಮೇಲೆ ನಗು ನಿಂತಿತು. ನನ್ನ ಟೇಪು ತಪ್ಪುವುದಿಲ್ಲ. ಮತ್ತೆ ಹಿಡಿದೆ. ಮೂವತ್ತೈದು. ಅಪ್ಪನಿಗೆ ಏನಾದರೂ ಕಾಯಿಲೆಯಾ? ದೇವರೇ...

ಮಾ. 28, ಶನಿ

ಇದನ್ನು ಈಗಲೇ ಬರೆಯಬೇಕು!

ಅಪ್ಪನ ಪಕ್ಕದ ಶೆಡ್ಡಿನ ವೆಲ್ಡರ್ ಮಾಮ ಮದುವೆಗೆಂದು ಶರ್ಟ್ ಹೊಲಿಸಲು ಬಂದರು. ಟೇಪು ಸುತ್ತಿದೆ, ತುದಿ ತುದಿ ಸೇರಲೊಲ್ಲದು.

“ನಗಬೇಡ. ಎಲ್ಲಾ ನಿನ್ನ ಅಡುಗೆ ಕಣಮ್ಮ. ಒಂದು ತಿಂಗಳಿಂದ ನಿಮ್ಮಪ್ಪನ ಡಬ್ಬಿ ನಂದೇ. ಒಂದಿನ ಉಪ್ಪಿರ್ಲಿಲ್ಲ, ಆದ್ರೂ ತಿಂದೆ. ಅವನು ಬರೀ ನೀರು ಕುಡೀತಾನೆ. ಯಾಕೋ ಅಂದ್ರೆ, ‘ಒಂದು ಬಾಗ್ಲು ದಾಟ್ಬೇಕು, ಶಕ್ತಿ ಕೇಳ್ತಿದೀನಿ’ ಅಂತಾನೆ. ಅದೇನು ಬಾಗ್ಲೋ! ಹೇಳ್ಬೇಡ ಅಂದಿದ್ದ... ಅಯ್ಯೋ, ಹೇಳ್ಬಿಟ್ನಲ್ಲ.”

ಎಣ್ಣೆ! ಕ್ರಾಪು! ಶಿಳ್ಳೆ! ಗೇಟಿನ ಹೊರಗೆ ಕೂತು ಕೇಳಿದ್ದನ್ನು ಅಪ್ಪ ಅಕ್ಷರಶಃ ಪಾಲಿಸುತ್ತಿದ್ದಾರೆ. ಒಳಗೆ ಕೂತಿದ್ದ ನಾನು ಊರಿಗೆಲ್ಲ ಡಂಗುರ ಹೊಡೆದೆ. ನಾಚಿಕೆ, ಖುಷಿ, ಎರಡೂ. ಗುಟ್ಟು ನನಗೆ ಗೊತ್ತಾಗಿಲ್ಲ ಅಂತಲೇ ಇರುತ್ತೇನೆ. ನಾಳೆಯಿಂದ ನನ್ನ ತಲೆಗೂ ಎಣ್ಣೆ.

ಏ. 5, ಈಸ್ಟರ್

ಅಪ್ಪ ಸ್ಕೂಟರ್ ಇಳಿದರು! ಮೆಟ್ಟಿಲವರೆಗೂ ಬಂದರು. ಮೊದಲ ಮೆಟ್ಟಿಲ ಮೇಲೆ ಕಾಲು ಇಟ್ಟರು... ತೆಗೆದರು.

“ನೀನು ಹೋಗು, ಗಾಡಿ ನೋಡ್ಕೋತೀನಿ.”

ಚಿಕ್ಕಪ್ಪ ನನ್ನ ಭುಜ ತಟ್ಟಿದರು. ಇನ್ನೂ ಆರು ದಿನ ಇದೆ. ಆಸೆ ಬಿಟ್ಟಿಲ್ಲ.

ಏ. 11, ಶನಿ, ಬೆಳಗ್ಗೆ 7.30

ಗೌನ್ ಹಾಕಿಯಾಯಿತು. ಕೂತರೆ ಸುಕ್ಕು, ಅದಕ್ಕೇ ನಿಂತೇ ಬರೆಯುತ್ತಿದ್ದೇನೆ. ಅಪ್ಪ ಚರ್ಚ್ ಒಳಗೆ ಬರುತ್ತಾರೋ ಇಲ್ಲವೋ, ಇನ್ನೂ ಗೊತ್ತಿಲ್ಲ. ನಾನೂ ಕೇಳಿಲ್ಲ.

ನಡುಮನೆಯಲ್ಲಿ ಬೂಟಿನ ಸದ್ದು. ಬಾಗಿಲ ಸಂದಿಯಿಂದ ನೋಡಿದೆ. ಸೂಟು ಹಾಕಿ, ಎಣ್ಣೆ ಹಚ್ಚಿ, ಅಪ್ಪ ಒಬ್ಬರೇ ಮೆಲ್ಲಗೆ ನಡೆಯುತ್ತಿದ್ದಾರೆ. ಮೊಣಕೈ ಮಡಚಿಕೊಂಡು. ಗೋಡೆವರೆಗೆ ಹೋಗಿ, ತಿರುಗಿ, ಈಗ ಇನ್ನೊಂದು ಕೈ ಮಡಚಿ...

ಬಾಗಿಲು ತಟ್ಟುತ್ತಿದ್ದಾರೆ.

“ಪುಟ್ಟಿ, ಅಲ್ಲಿ ಒಳಗೆ ನಡೀವಾಗ ನಾನು ಯಾವ ಕೈ ಕೊಡ್ಬೇಕೇ? ಎಡಾನೋ, ಬಲಾನೋ?”

ಯಾವುದಾದರೂ ಕೊಡಿ ಅಪ್ಪಾ, ಯಾವುದಾದರೂ —