ಎರಡು ಕೀಲಿಕೈಗಳೂ ತಮ್ಮ ಡ್ರಾಯರಿನಲ್ಲಿವೆ

ನಮ್ಮ ಆಂಬುಲೆನ್ಸಿನ ಕೀಲಿಗಳನ್ನು ಭದ್ರವಾಗಿ ಕಾಯುತ್ತಿರುವ ಅಧಿಕಾರಿಗಳೇ,

ನಾವು ಸೈಕಲ್ ತುಳಿದು ಚಂದಾ ಎತ್ತಿ ತಂದ ಆಂಬುಲೆನ್ಸ್ ಬೇಸಿಗೆಯ ಕೊನೆಯಿಂದ ತಮ್ಮ ಕಚೇರಿಯ ಆವರಣದಲ್ಲಿ ನಿಂತೇ ಇದೆ. ಅದು ಕೆಟ್ಟಿಲ್ಲ. ಚಾಲಕರಿದ್ದಾರೆ, ಡೀಸೆಲ್ ಇದೆ, ನೋಂದಣಿಯಾಗಿದೆ. ಇಲ್ಲದಿರುವುದು ರಿಬ್ಬನ್ ಕತ್ತರಿಸಬೇಕಾದ ಗಣ್ಯರ ಬಿಡುವು ಮಾತ್ರ. ತಾವು ಆ ಬಿಡುವಿಗೆ ಕಾಯುತ್ತಿದ್ದಾಗ ಎನ್. ಬೇಗೂರಿನ ಆಚೆಯ ಸಣ್ಣಬೀರಯ್ಯ ಬಲಗಾಲು ಕಳೆದುಕೊಂಡರು. ಈಗ ಅವರ ಮಗಳು ಪವಿತ್ರ ಹೆರಿಗೆಗೆ ಅದೇ ಮನೆಗೆ ಬಂದಿದ್ದಾಳೆ. ಅವಳಿಗೆ ಒಂಬತ್ತು ತುಂಬುತ್ತಿದೆ.

ನಮ್ಮ ಯಾತ್ರೆಗೆ ಬಾವುಟ ಬೀಸಿದವರು ತಾವೇ. ಆ ಫೋಟೊ ತಮ್ಮ ಕೊಠಡಿಯ ಗೋಡೆಯ ಮೇಲಿರುವುದನ್ನು ಕಂಡಿದ್ದೇನೆ. ಹುಣಸೂರಿನ ನಾನು, ಪಿರಿಯಾಪಟ್ಟಣದ ಕಡೆಯ ಕಂಪಲಾಪುರದಲ್ಲಿ ಹೊಗೆಸೊಪ್ಪು ಬೆಳೆಯುವ ಬಸವಪ್ರಸಾದ್, ಕೆ.ಆರ್. ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮಹೇಶ್‌ಕುಮಾರ್, ಜೊತೆಗೆ ಇನ್ನೂ ಕೆಲವರು ಎಚ್.ಡಿ. ಕೋಟೆಯಿಂದ ದೆಹಲಿಯವರೆಗೆ ಹೋದೆವು. ಸಿಕ್ಕ ಊರಿನಲ್ಲೆಲ್ಲ ಸೈಕಲ್ ನಿಲ್ಲಿಸಿ, ನನ್ನ ಅರೆಬರೆ ಹಿಂದಿಯಲ್ಲಿ, ಒಂದು ಕಾಡುರಸ್ತೆಯ ವಿಷಯ ಹೇಳುತ್ತಿದ್ದೆ. ಸಂಜೆ ಅಲ್ಲಿ ಗೇಟು ಹಾಕುತ್ತಾರೆ, ಆಮೇಲೆ ಆಂಬುಲೆನ್ಸಿಗೆ ಮಾತ್ರ ದಾರಿ, ಆದರೆ ಆ ಕಡೆಯ ಹಳ್ಳಿಗಳಿಗೆ ಆಂಬುಲೆನ್ಸೇ ಇಲ್ಲ ಎಂದು. ಜನ ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ನಾಗಪುರ ದಾಟಿದ ಮೇಲೆ ಒಬ್ಬ ಪಂಕ್ಚರ್ ಅಂಗಡಿಯವನು ಆ ದಿನದ ದುಡಿಮೆಯನ್ನೆಲ್ಲ ನಮ್ಮ ಡಬ್ಬಿಗೆ ಸುರಿದ. ಅವನಿಗೆ ಯಾವ ಗಣ್ಯರ ಅಪ್ಪಣೆಯೂ ಬೇಕಾಗಲಿಲ್ಲ. ಅದೇ ದಾರಿಯಲ್ಲಿ, ಬಿಸಿಲಿನ ಒಂದು ಏರಿನಲ್ಲಿ ನನ್ನ ಗೇರು ಕೆಟ್ಟು, ಇನ್ನು ನನ್ನ ಕೈಲಾಗದು ಎಂದು ಕೂತುಬಿಟ್ಟಿದ್ದೆ. ಬಸವಪ್ರಸಾದ್ ಪಕ್ಕದಲ್ಲಿ ಸೈಕಲ್ ಒರಗಿಸಿ, "ಗೇರು ಓದ್ರೆ ಓಗ್ಲಿ ಬುಡಿ ಮೇಡಮ್ಮೋರೆ, ಕಾಲೈತಲ್ಲ," ಎಂದರು. ಎಲ್ಲರೂ ನಕ್ಕೆವು. ಆಗ ನಗಬಹುದಾಗಿತ್ತು.

ಗಾಡಿ ಬಂದ ದಿನ ನಾವು ಮಾಡಿದ ತಪ್ಪು ಒಂದೇ: ತಮ್ಮನ್ನು ಗೌರವಿಸಿದ್ದು. ಕೀಲಿಯನ್ನು ವೀಳ್ಯದೆಲೆಯ ತಟ್ಟೆಯಲ್ಲಿಟ್ಟು ಒಪ್ಪಿಸೋಣ ಎಂದುಕೊಂಡೆವು. ತಾಂಬೂಲದಲ್ಲಿ ಒಂಟಿ ಕೊಡಬಾರದು ಎಂದು ಬಸವಪ್ರಸಾದ್ ಅವರ ತಾಯಿ ಸುನಂದಮ್ಮ ಹೇಳಿದರು. ಎಲೆ ಎರಡು, ಅಡಿಕೆ ಎರಡು ಇರುವಾಗ ಕೀಲಿ ಮಾತ್ರ ಒಂದೇ ಆದರೆ ಹೇಗೆ? ನಮ್ಮ ಬಳಿ ಉಳಿಯಬೇಕಿದ್ದ ಇನ್ನೊಂದನ್ನೂ ತಟ್ಟೆಗಿಟ್ಟೆವು. ತಾವು ಎರಡನ್ನೂ ಜೇಬಿಗೆ ಹಾಕಿಕೊಂಡಿರಿ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಗಾಡಿ ನಾಲ್ಕು ಹೆಜ್ಜೆ ಮುಂದೆ ಹೋಗಲಿ ಎಂದು ಮಹೇಶ್‌ಕುಮಾರ್ ಕೇಳಿದರೆ, "ರಿಬ್ಬನ್ ಕಟ್ ಆಗ್ದೆ ಗಾಡಿ ಅಲ್ಲಾಡಿದ್ರೆ ಸಾಹೇಬ್ರಿಗೇನ್ರೀ ಮರ್ಯಾದೆ?" ಎಂದಿರಿ. ನಿಂಬೆಹಣ್ಣುಗಳು ಟೈರಿನ ಕೆಳಗೇ ಒಣಗಿದವು. ಮೊದಲು, ರಿಬ್ಬನ್ ಕತ್ತರಿಸಬೇಕಾದ ಆ ಸಾಹೇಬರು ಪ್ರವಾಸದಲ್ಲಿದ್ದರು. ಆಮೇಲೆ ಆಷಾಢ ಬಂತು, ಶುಭಕಾರ್ಯ ಕೂಡದು ಎಂದಿರಿ. ಶ್ರಾವಣದಲ್ಲಿ ಸಾಹೇಬರಿಗೆ ಬೇರೆ ಉದ್ಘಾಟನೆಗಳಿದ್ದವು. ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ ಎಂಬ ಸಂಕೋಚದಲ್ಲಿ ನಾವೂ ಸುಮ್ಮನಿದ್ದೆವು. ಪರದೇಶಗಳಿಂದ ಕನ್ನಡಕ್ಕೆ ಬಂದ ಕಥೆಗಳಲ್ಲಿ ಇಂಥ ಅಧಿಕಾರಿಗಳನ್ನು ಓದಿ, ಲೇಖಕರು ಸ್ವಲ್ಪ ಹೆಚ್ಚೇ ಮಾಡಿದ್ದಾರೆ ಎಂದುಕೊಳ್ಳುತ್ತಿದ್ದೆ. ಆ ಲೇಖಕರೆಲ್ಲರ ಕ್ಷಮೆ ಕೇಳುತ್ತೇನೆ.

ಸಣ್ಣಬೀರಯ್ಯನವರಿಗೆ ಶುಂಠಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿದ್ದು ಆಷಾಢದ ಒಂದು ಸಂಜೆ. ಹಾವು ಪಂಚಾಂಗ ನೋಡಿರಲಿಲ್ಲ. ಅವರ ಹೆಂಡತಿ ಚಿಕ್ಕಬೀರಮ್ಮ ನನಗೆ ಫೋನ್ ಮಾಡಿದರು, ನಾನು ತಮಗೆ ಮಾಡಿದೆ. ತಾವು ಫೋನ್ ಎತ್ತಿದಿರಿ, ಪೂರ್ತಿ ಕೇಳಿಸಿಕೊಂಡಿರಿ. ಎತ್ತದೆ ಇದ್ದಿದ್ದರೆ ಸಂಶಯದ ಲಾಭವನ್ನಾದರೂ ಕೊಡುತ್ತಿದ್ದೆ. ತಾವು ಹೇಳಿದ ಮಾತು ಇದು: "ಓಡಿಸ್ಬಿಟ್ಟ ಗಾಡೀನ ಆಮೇಲೆ ಹೊಸದು ಅಂತ ಹೆಂಗಮ್ಮಾ ಉದ್ಘಾಟನೆ ಮಾಡ್ಸೋದು? ನೀವೇ ಹೇಳಿ."

ಶುಂಠಿ ಚೀಲ ಹೊರುವ ಪಿಕಪ್ಪಿನಲ್ಲಿ ಅವರನ್ನು ಮಲಗಿಸಿಕೊಂಡು ಹೊರಟರೆ ಗೇಟು ಬಿದ್ದಿತ್ತು. ಕಾವಲಿನವನು ಒಳ್ಳೆಯವನೇ, ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿ, ಅಪ್ಪಣೆ ಬಂದ ಮೇಲೆ ತೆಗೆದ. ಆಂಬುಲೆನ್ಸ್ ಆಗಿದ್ದರೆ ಅವನು ಯಾರನ್ನೂ ಕೇಳಬೇಕಿರಲಿಲ್ಲ. ಮೈಸೂರು ಮುಟ್ಟುವಷ್ಟರಲ್ಲಿ ಕಾಲು ಕಪ್ಪಾಗಿತ್ತು. ಜೀವ ಉಳಿಸಲು ಮೊಣಕಾಲಿನ ಮೇಲೆ ಕತ್ತರಿಸಿದರು. ಎಂಥ ವಿಚಿತ್ರ, ಅಲ್ಲವೇ? ಕತ್ತರಿಗೆ ಕಾದದ್ದು ರಿಬ್ಬನ್, ತುಂಡಾದದ್ದು ಕಾಲು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಚಿಕ್ಕಬೀರಮ್ಮ ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಡೆಲ್ಲಿಗಂಟ ತುಳ್ಕೊಂಡ್ ಓದ್ರಿ ಕಣವ್ವ. ಒಂದ್ ಕಾಂಪೌಂಡ್ ದಾಟಿಸಾಕಾಗ್ನಿಲ್ವಾ ನಿಮ್ಗೆ?" ಎಂದರು. ಅದಕ್ಕೆ ಈ ಪತ್ರವೇ ಉತ್ತರ.

ಈಗ ಪಿತೃಪಕ್ಷ ಎನ್ನುತ್ತಿದ್ದೀರಂತೆ. ಇದು ಯಾವ ಪಕ್ಷವೆಂದು ಹೆರಿಗೆ ನೋವಿಗೆ ಪವಿತ್ರ ತಿಳಿಸಿಹೇಳಬೇಕೇ? ಬರುವ ಸೋಮವಾರದೊಳಗೆ ಆಂಬುಲೆನ್ಸ್ ಬೇಗೂರಿನ ಕಡೆ ಹೋಗಿ ನಿಲ್ಲಬೇಕು, ಒಂದು ಕೀಲಿ ಚಾಲಕರ ಕೈಯಲ್ಲಿ, ಇನ್ನೊಂದು ಚಿಕ್ಕಬೀರಮ್ಮನವರ ಕೈಯಲ್ಲಿ ಇರಬೇಕು. ಇಲ್ಲವಾದರೆ ಮಂಗಳವಾರ ಬೆಳಿಗ್ಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳಿಂದ ಸೈಕಲ್ಲುಗಳು ತಮ್ಮ ಕಚೇರಿಗೆ ಬರುತ್ತವೆ. ತಮ್ಮ ಜೀಪಿಗೂ ಒಂದು ರಿಬ್ಬನ್ ಕಟ್ಟಿ ಸುತ್ತ ಕೂರುತ್ತೇವೆ. ಅದನ್ನು ಕತ್ತರಿಸಲು ತಕ್ಕ ಗಣ್ಯರು ಸಿಗುವವರೆಗೆ ತಾವು ಮನೆಗೂ ಕಚೇರಿಗೂ ನಡೆದೇ ಓಡಾಡಬಹುದು, ಎರಡು ಕಾಲುಗಳಿವೆ. ಈ ಪತ್ರವನ್ನು ಹಿಂದಿಗೆ ಅನುವಾದಿಸಿ, ದುಡ್ಡು ಕೊಟ್ಟ ಪ್ರತಿಯೊಂದು ಊರಿಗೂ ಕಳಿಸುತ್ತೇನೆ. ಒಂದು ಪದವನ್ನೂ ಮೆತ್ತಗೆ ಮಾಡುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕೀಲಿ ಕೊಟ್ಟ ಮೇಲೆ, ಹಣ್ಣಿನ ಬುಟ್ಟಿ ಹಿಡಿದು ಸಣ್ಣಬೀರಯ್ಯನವರ ಕ್ಷಮೆ ಕೇಳಲು ಹೋಗಬೇಡಿ. ಅವರು ಕ್ಷಮಿಸಿಬಿಡುತ್ತಾರೆ. ಅದು ಆಗಕೂಡದು.

ಇಂತಿ,
ಕೀಲಿ ಒಪ್ಪಿಸಿದ ದಿನ ತಮಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದವಳು,
ರೂಪಶ್ರೀ, ಹುಣಸೂರು